ಎಡಗಡೆಯ ಬಾಡಿಗೆಯವಳು

ನವೆಂಬರ್ 18, ಸೋಮವಾರ

ತುಳಸಿ ಲಗ್ನ ಮುಗಿದದ್ದೇ ತಡ, ಅಂಗಡಿ ತುಂಬ ಹೊಲಿಯಬೇಕಾದ ಜಂಪರ್ ರಾಶಿ. ಎಲ್ಲರದೂ ಅರ್ಜೆಂಟ್. ಮಗಳ ಮದುವೆಗೆಂದು ಅಳತೆ ಕೊಟ್ಟು ಹೋದ ರಮಾಬಾಯಿಯವರು ಮತ್ತೆ ಬಂದು ಕೂತಿದ್ದರು — ಹಿಂದಿನ ಕುತ್ತಿಗೆ ಇನ್ನೂ ಇಳಿಸಬೇಕಂತೆ. ಇನ್ನೂ ಇಳಿಸಿದರೆ ಹೊಲಿಯೋಕೆ ಬಟ್ಟೆಯೇ ಉಳಿಯೋದಿಲ್ಲ ಎಂದೆ. ನಕ್ಕರು. ಆದರೆ ಬಿಡಲಿಲ್ಲ.

ಗಜೇಂದ್ರಗಡದ ಅರ್ಧ ಹೆಂಗಸರ ಎದೆಯ ಅಳತೆ ನನ್ನ ತಲೆಯಲ್ಲಿದೆ. ಯಾರಿಗೆ ಒಂದು ಕಡೆ ತುಸು ಜಾಸ್ತಿ, ಯಾರು ಒಳಗೆ ಸ್ಪಂಜು ಇಡಿಸಿಕೊಳ್ಳುತ್ತಾರೆ, ಯಾರು ಬಸಿರಾಗಿದ್ದೂ ಅತ್ತೆಗೆ ಇನ್ನೂ ಹೇಳಿಲ್ಲ — ಎಲ್ಲ ಗೊತ್ತು. ಬಾಯಿ ಬಿಡುವುದಿಲ್ಲ. ಅದು ದಂಧೆಯ ಈಮಾನು.

ನನ್ನದು ಮಾತ್ರ ಊರಿಗೆ ಗೊತ್ತಿಲ್ಲ. ಅಮ್ಮಿಗೆ ಗೊತ್ತು, ಭಾಯಿಗೆ ಗೊತ್ತು. ಮುಗಿಯಿತು.

ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ನನ್ನ ನಿಕಾಹ್ ಕುರ್ತಾ ಹಾಕಿ ನೋಡಿದೆ. ಎಡಗಡೆ ಬಿಗಿ. ನಾನೇ ಹೊಲಿದದ್ದು, ನನ್ನದೇ ಅಳತೆ. ಟೇಪು ಹಿಡಿದೆ — ಅರ್ಧ ಇಂಚು ಜಾಸ್ತಿ. ಒತ್ತಿದರೆ ಗಟ್ಟಿ. ನೋವೂ ಇದೆ. ಬಗಲಲ್ಲಿ, ಕಂಕುಳ ಕುಳಿಯಲ್ಲಿ, ಹುರಿಗಡಲೆಯಷ್ಟು ಒಂದು ಗಂಟು.

ಗಂಟು ಎಂದು ಬರೆದ ಮೇಲೆ ಕೈ ಮುಂದೆ ಹೋಗುತ್ತಿಲ್ಲ.

ನವೆಂಬರ್ 19, ಮಂಗಳವಾರ

ನಿದ್ದೆ ಇಲ್ಲ. ಒಂದು ತೋಳು ಉಲ್ಟಾ ಜೋಡಿಸಿದೆ. ಬಿಚ್ಚಿದೆ. ಮತ್ತೆ ಉಲ್ಟಾ.

ಹುಬ್ಬಳ್ಳಿಯಲ್ಲಿ ಮುನಾವರನ ಹೆಂಡತಿಯಾಗಿದ್ದಾಗ ಆಗಿದ್ದು. ಇಪ್ಪತ್ತೊಂಬತ್ತು ವಯಸ್ಸು. ಕ್ಯಾನ್ಸರ್ ಎಂದರು. ಎಡಗಡೆಯದು ತೆಗೆದರು. ಚಿಕ್ಕ ವಯಸ್ಸು, ಬದುಕು ಮುಂದಿದೆ ಎಂದು ಡಾಕ್ಟರೇ ಹೇಳಿ ಆ ಜಾಗದಲ್ಲಿ ಸಿಲಿಕಾನ್ ಚೀಲ ಹಾಕಿದರು. ಆ ಚೀಲಕ್ಕೆ ನಾನು ಬಾಡಿಗೆಯವಳು ಎಂದು ಹೆಸರಿಟ್ಟೆ. ಅಮ್ಮಿ ನಗಲಿಲ್ಲ. ಪಾಪ, ಬಾಡಿಗೆಯವಳು ಒಳ್ಳೆಯವಳೇ. ಏಳು ವರ್ಷ ತಂಟೆ ಇಲ್ಲ, ತಕರಾರಿಲ್ಲ. ಈಗ ಎದ್ದು ಗೋಡೆ ಗುದ್ದುತ್ತಿದ್ದಾಳೆ.

ಮುನಾವರ ಆಮೇಲೆ ಬಿಟ್ಟ. ಕೂದಲು ಮತ್ತೆ ಬಂದ ಮೇಲೆ ಊರಿಗೆ ವಾಪಸ್ ಬಂದೆ. ಹೊಂದಿಕೆ ಆಗಲಿಲ್ಲ ಎಂದು ಭಾಯಿ ಊರಿಗೆಲ್ಲ ಹೇಳಿದ. ನರಗುಂದದವರಿಗೂ ಅದನ್ನೇ ಹೇಳಿದ್ದಾನೆ.

ನರಗುಂದದವರು ಎಂದರೆ ಇನಾಯತ. ಮೋಟರ್ ರಿವೈಂಡಿಂಗ್ ಅಂಗಡಿ. ಹೆಂಡತಿ ಕಾಮಾಲೆಯಿಂದ ತೀರಿಕೊಂಡು ನಾಲ್ಕು ವರ್ಷ. ಜನವರಿಯಲ್ಲಿ ನಮ್ಮ ನಿಕಾಹ್. ದಿನಾ ಸಂಜೆ ಫೋನು. ಮಾತೆಲ್ಲ ಸುಟ್ಟ ಮೋಟರಿನದೇ. ಇವತ್ತು ಯಾರದೋ ಬೋರ್‌ವೆಲ್ ಮೋಟರಿನೊಳಗೆ ಹಾವಿನ ಪೊರೆ ಸಿಕ್ಕಿತಂತೆ. ಕೇಳುತ್ತ ಕೇಳುತ್ತ ನನ್ನ ಕೈ ಬಗಲಲ್ಲೇ ಇತ್ತು.

ನಿಕಾಹ್ ಆದ ಮೇಲೆ ಹೇಳಿದರಾಯಿತು ಎಂದು ಭಾಯಿ ಮೊದಲೇ ಹೇಳಿದ್ದ. ನಾನೂ ಹೂಂ ಎಂದಿದ್ದೆ. ಮೇಲೆ ಎಂದರೆ ಯಾವಾಗ? ಅವರೇ ಮುಟ್ಟಿ ಕಂಡುಹಿಡಿಯಲಿ ಅಂತಲೋ?

ಇಲ್ಲಿ ಸ್ಕ್ಯಾನಿಂಗ್ ಬೇಡ. ಇಲ್ಲಿ ಎಲ್ಲರಿಗೂ ನನ್ನ ಗುರುತು. ರೋಣದಲ್ಲಿ ಗುರುವಾರ ಲೇಡಿ ಡಾಕ್ಟರ್ ಬರುತ್ತಾರಂತೆ. ಜಂಪರಿನ ಒಳಗೆ ಹಚ್ಚುವ ಅಸ್ತರದ ಬಟ್ಟೆ ತರಬೇಕು ಎಂದು ಅಮ್ಮಿಗೆ ಹೇಳಿದ್ದೇನೆ.

ನವೆಂಬರ್ 21, ಗುರುವಾರ. ರೋಣ ಬಸ್‌ಸ್ಟ್ಯಾಂಡ್, ಸಂಜೆ

ಬಸ್ಸಿಗೆ ಇನ್ನೂ ಹೊತ್ತಿದೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸ್ಕ್ಯಾನಿಂಗ್ ಸೆಂಟರ್ ತುಂಬ ಬಸುರಿಯರು. ಗೋಡೆಯ ಮೇಲೆ ದೊಡ್ಡ ಬೋರ್ಡು — ಇಲ್ಲಿ ಗಂಡು ಹೆಣ್ಣು ಹೇಳುವುದಿಲ್ಲ. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು, ಎಷ್ಟನೇ ತಿಂಗಳು? ಸ್ಕ್ಯಾನಿಂಗ್ ಮಾಡಿಸಬೇಕು ಎಂದಷ್ಟೇ ಹೇಳಿದೆ. ಎದೆ ಎನ್ನಲಿಲ್ಲ. ಹಿಂದೆ ಗಂಡಸರೂ ನಿಂತಿದ್ದರು. ಅವಳು ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದಳು — ಬಾಟಲಿ ತುಂಬ ನೀರು ಕುಡೀರಿ, ಒಂದಕ್ಕೆ ಹೋಗಬೇಡಿ, ತಡಕೊಳ್ಳಿ.

ಮತ್ತೆ ಹೋಗಿ ಅಲ್ಲ ತಂಗಿ, ನನ್ನದು ಬೇರೆ ಎನ್ನಬೇಕಿತ್ತು. ಕುಡಿದೆ. ಊರಿಗೆಲ್ಲ ಬಾಯಿ ಮಾಡುವವಳು ಅಲ್ಲಿ ಹಸುವಿನ ಹಾಗೆ ಕೂತು ಬಾಟಲಿ ಖಾಲಿ ಮಾಡಿದೆ. ಪಕ್ಕದವರು ಕುಡಿದರು, ನಾನೂ ಕುಡಿದೆ.

ತಲೆ ಎತ್ತಿದರೆ ಎದುರಿನ ಸಾಲಿನಲ್ಲಿ ಬಿಸ್ಮಿಲ್ಲಾ ಆಪಾ. ಇನಾಯತರ ಅಕ್ಕ. ರೋಣಕ್ಕೇ ಕೊಟ್ಟಿದ್ದು, ಮರೆತೇ ಹೋಗಿತ್ತು. ಸೊಸೆಯನ್ನು ಕರೆತಂದಿದ್ದರು. ನನ್ನನ್ನು ನೋಡಿದರು. ಬಾಟಲಿ ನೋಡಿದರು. ಆಮೇಲೆ ಹೊಟ್ಟೆ ನೋಡಿದರು. ನಾನು ದುಪಟ್ಟಾ ಎಳೆದುಕೊಂಡೆ. ಎಳೆದುಕೊಳ್ಳಬಾರದಿತ್ತು... ಇನ್ನೂ ಕೆಟ್ಟಿತು. ಸಲಾಮ್ ಎಂದೆ. ಅವರು ವಾಲೇಕುಮ್ ಎಂದು ಬೇರೆ ಕಡೆ ತಿರುಗಿದರು.

ಡಾಕ್ಟರ್ ಹೆಸರು ಅನಘಾ. ನರಗುಂದದವರೇ, ನನಗಿಂತ ಸಣ್ಣವರು. ನೀರು ಕುಡಿದು ಬಂದೆ ಎಂದಾಗ ಹಣೆ ಚಚ್ಚಿಕೊಂಡರು. ಜೆಲ್ ಹಚ್ಚಿ ಮೆಷಿನ್ ಒತ್ತಿ ಪರದೆಯ ಹತ್ತಿರ ಬಾಗಿದರು. ಸಿಲಿಕಾನ್ ಯಾವಾಗ ಹಾಕಿಸಿದ್ದು ಎಂದು ಮೆಲ್ಲಗೆ ಕೇಳಿದರು. ಏಳು ವರ್ಷದ ಮೇಲೆ ಹೊರಗಿನವರೊಬ್ಬರು ಆ ಮಾತು ಎತ್ತಿದ್ದು ಇವತ್ತೇ. ಎಲ್ಲ ಹೇಳಿಬಿಟ್ಟೆ. ಎಷ್ಟು ಹಗುರ ಆಯಿತು! ಕೆಳಗೆ ಮಾತ್ರ ಹಗುರ ಇಲ್ಲ. ನೀರು.

ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು.

"ಚಲೋ ಇದ್ದಿದ್ರ ಒಳಗ ಎಲ್ಲಾ ಕರ್ರಗ ಕಾಣಬೇಕ್ರಿ, ನಿಂತ ನೀರಿನಂಗ. ನಿಮ್ಮದರಾಗ ಗೆರಿ ಬಿದ್ದಾವ, ಮೆಟ್ಟಲಾ ಮೆಟ್ಟಲಾ. ಚೀಲದ ಪದರ ಹರದು ಒಳಗ ಮುದುಡಿಕೊಂಡದ."

ಅಸ್ತರ ಹರಿದರೂ ಮೇಲಿನ ಬಟ್ಟೆ ಹಿಡಿದಿದೆಯೇ ಎಂದು ಕೇಳಿದೆ. ಹೌದು, ಸುತ್ತ ಮೈಯೇ ಕಟ್ಟಿಕೊಂಡ ಗೋಡೆ ಗಟ್ಟಿ ಇದೆ, ಅದು ಬಿಗಿದದ್ದಕ್ಕೇ ಈ ನೋವು ಎಂದರು. ಆದರೂ ಸ್ವಲ್ಪ ಸೋರಿದೆ. ಆಮೇಲೆ ಬಗಲಿಗೆ ಹೋದರು. ಅಲ್ಲಿ ಎಲ್ಲ ಬೆಳ್ಳಗೆ, ಮಸುಕು. ಪುಸ್ತಕದಲ್ಲಿ ಇದಕ್ಕೆ ಹಿಮದ ಬಿರುಗಾಳಿ ಎನ್ನುತ್ತಾರಂತೆ. ಹಿಮ ನಾನೂ ನೋಡಿಲ್ಲ, ಅವರೂ ನೋಡಿಲ್ಲ. ಹತ್ತಿ ಜಿನ್ನಿನಲ್ಲಿ ಅರಳೆ ಹಾರಿದ ಹಾಗಿದೆ ಎಂದೆ. ನಕ್ಕರು.

ನಗು ಅಲ್ಲಿಗೆ ಮುಗಿಯಿತು. ಕ್ಯಾನ್ಸರೇ ಎಂದು ನೇರವಾಗಿ ಕೇಳಿದೆ.

"ಸಿಲಿಕಾನ್ ಸೋರಿ ಗಂಟಿನ್ಯಾಗ ಕುಂತದ ಅನ್ನಸ್ತದ. ಆದ್ರ ನಿಮಗ ಮೊದಲ ಆಗೇದ. ಅದಕ್ಕ ನಾ ಅನ್ನಸ್ತದ ಅಂತ ಬಿಡಾಂಗಿಲ್ಲ. ಹುಬ್ಬಳ್ಳಿಗೆ ಹೋಗಿ ಸೂಜಿ ಹಾಕಿಸಿ ಟೆಸ್ಟ್ ಮಾಡಸ್ರಿ. ತಡಾ ಮಾಡಬ್ಯಾಡ್ರಿ."

ಅನ್ನಿಸುತ್ತದೆ. ಈ ಒಂದು ಶಬ್ದ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಅಸ್ತರದ ಬಟ್ಟೆ ತೆಗೆದುಕೊಳ್ಳುವುದು ಮರೆತೆ.

ನವೆಂಬರ್ 22

ಇನಾಯತರ ಫೋನ್ ಬರಲಿಲ್ಲ.

ನವೆಂಬರ್ 23

ಇವತ್ತೂ ಇಲ್ಲ. ನಾನು ಮಾಡಬಹುದು. ಏನು ಹೇಳಲಿ?

ನವೆಂಬರ್ 25, ಸೋಮವಾರ

ಬೆಳಿಗ್ಗೆಯೇ ಭಾಯಿ ತನ್ನ ಪಾತ್ರೆ-ಬಾಂಡೆ ಅಂಗಡಿ ತೆರೆಯದೆ ಸೀದಾ ಇಲ್ಲಿಗೆ ಬಂದ. ಮುಖ ಕೆಂಡ. ನರಗುಂದದಿಂದ ಮಾತು ಬಂದಿದೆಯಂತೆ — ನಿಕಾಹ್ ತುಸು ಮುಂದೆ ಹಾಕೋಣ, ಹುಡುಗಿಯ ಆರೋಗ್ಯ ಸರಿಯಿಲ್ಲವಂತಲ್ಲ. ಬಿಸ್ಮಿಲ್ಲಾ ಆಪಾ ತಾಯಿಗೆ ಹೇಳಿದ್ದಾರೆ, ತಾಯಿ ನಡುವಿನವರಿಗೆ ಹೇಳಿದ್ದಾರೆ. ರೋಣದಲ್ಲಿ ಬಸುರಿಯರ ಸಾಲಿನಲ್ಲಿ ಕೂತು ಏನು ಮಾಡುತ್ತಿದ್ದೆ ಎಂದು ಭಾಯಿ ಕೇಳಿದ. ಕೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನ ಅಣ್ಣ! ಅವನೂ ನಂಬಿದ್ದ.

ಸಿಟ್ಟಿನಿಂದ ಕತ್ತರಿ ಎಸೆದೆ. ಬಗಲಲ್ಲಿ ಗಂಟಾಗಿದೆ, ಚೀಲ ಒಡೆದಿದೆ, ಹುಬ್ಬಳ್ಳಿಗೆ ಹೋಗಬೇಕು ಎಂದೆ. ಅವನು ಅಲ್ಲೇ ಬಟ್ಟೆ ರಾಶಿಯ ಮೇಲೆ ಕುಸಿದು ಕೂತ. ಬಾಂಡೆ ಅಂಗಡಿಯ ಉಸ್ಮಾನಸಾಬ, ನಮ್ಮ ಭಾಯಿ, ಎಂದರೆ ಬಜಾರಿನಲ್ಲಿ ದನಿ ಏರಿಸಿ ಮಾತಾಡುವವನು. ಆ ದನಿಯೇ ಇರಲಿಲ್ಲ.

ಅಮ್ಮಿ ಒಳಗಿನಿಂದ ಬಂದು ಗೋಡೆ ಹಿಡಿದು ನಿಂತಳು. ಕೇಳಿಸಿಕೊಂಡಿದ್ದಳು. ಬಾಯಲ್ಲಿ ಅಲ್ಲಾ ಅಲ್ಲಾ ಅಷ್ಟೇ.

ಸ್ವಲ್ಪ ಹೊತ್ತಿಗೆ ಭಾಯಿಗೆ ದಂಧೆಯ ಬುದ್ಧಿ ಓಡಿತು.

"ಕಿಡ್ನಿ ಸ್ಟೋನ್ ಅಂತ ಹೇಳೂಣು. ಅದಕ್ಕೂ ನೀರ ಕುಡಸ್ತಾರ. ಅದಕ್ಕೂ ಸ್ಕ್ಯಾನಿಂಗ್ ಮಾಡ್ತಾರ."

ಎಷ್ಟು ಸಲೀಸು! ಬಸಿರಿನ ಮಾತು ಸುಳ್ಳಾಗುತ್ತದೆ, ಖರೆ ಮಾತು ಮುಚ್ಚಿಯೇ ಇರುತ್ತದೆ. ನನ್ನ ಮುಂದೆಯೇ ಇನಾಯತರಿಗೆ ಫೋನ್ ಹಚ್ಚಿದ. ಹೌದ್ರಿ, ಸ್ಟೋನ್, ಸಣ್ಣದು ಎಂದ. ಫೋನ್ ನನ್ನ ಕೈಗೂ ಕೊಟ್ಟ. ಇನಾಯತ ಭಾಳ ನೋವು ಐತೇನ್ರಿ ಎಂದು ಕೇಳಿದರು. ಐತ್ರಿ ಎಂದೆ. ಅದು ಸುಳ್ಳಲ್ಲ. ಉಳಿದದ್ದೆಲ್ಲ ಸುಳ್ಳು.

ಮೂರು ದಿನ ಯಾಕೆ ಫೋನ್ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಜಗಳ ನಡೆದಿತ್ತು ಎಂದು ಅವರೇ ಹೇಳಿದರು. ಆಪಾ ಹೇಳಿದ್ದನ್ನು ನಾ ನಂಬಲಿಲ್ಲ ಅಂದರು. ನನಗೆ ಕುರ್ಚಿಯ ಮೇಲೆ ಕೂಡಲೂ ಆಗಲಿಲ್ಲ.

ನವೆಂಬರ್ 27, ಬುಧವಾರ

ನರಗುಂದದ ಬಸ್ಸಿನ ಡ್ರೈವರ್ ಒಂದು ಚೀಲ ತಂದುಕೊಟ್ಟು ಹೋದ. ಬಾಯಿಗೆ ತಾಮ್ರದ ತಂತಿ ಸುತ್ತಿ ಕಟ್ಟಿದ್ದರು. ಮೋಟರಿನವರೇ ಸರಿ. ಬಿಚ್ಚಿದರೆ ಒಳಗೆ ಹುರಳಿ. ಐದು ಕಿಲೋ ಇರಬಹುದು. ಆರಿಸಿ, ಕೇರಿ, ಒಂದು ಹರಳಿಲ್ಲದ ಹಾಗೆ ಹಸನು ಮಾಡಿದ ಹುರಳಿ. ದಿನಾ ಕಟ್ಟು ಬಸಿದು ಕುಡಿದರೆ ಕಲ್ಲು ಕರಗುತ್ತದಂತೆ. ಸಂಜೆ ಫೋನಿನಲ್ಲಿ ಹೇಳಿದರು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅವರೇ ಕೂತು ಆರಿಸಿದ್ದಂತೆ.

ಅಮ್ಮಿ ಅದರದೇ ಸಾರು ಮಾಡಿದಳು. ಬೆಳ್ಳುಳ್ಳಿ ಒಗ್ಗರಣೆ. ಎರಡು ತುತ್ತು ಒಳಗೆ ಹೋಯಿತು, ಮೂರನೆಯದು ಹೋಗಲಿಲ್ಲ. ತಟ್ಟೆ ಸರಿಸಿದೆ. ಬೈಗುಳ ತಿಂದು ಜೀರ್ಣ ಮಾಡಿಕೊಳ್ಳಬಲ್ಲೆ. ಇದು ಆಗದು.

ನವೆಂಬರ್ 28

ಭಾಯಿಗೆ ಹೇಳಿದೆ — ಶನಿವಾರ ಹುಬ್ಬಳ್ಳಿಯಿಂದ ಬರುವಾಗ ನರಗುಂದದಲ್ಲಿ ಇಳಿಯುತ್ತೇನೆ. ಇಳಿದು ಅವರಿಗೆ ಎಲ್ಲ ಹೇಳುತ್ತೇನೆ. ಅವನಿಗೆ ಹುಚ್ಚು ಹಿಡಿದ ಹಾಗಾಯಿತು. ಸೂಜಿಯ ರಿಪೋರ್ಟ್ ಬರಲಿ, ಏನೂ ಇಲ್ಲದಿದ್ದರೆ ಯಾಕೆ ಹೇಳಬೇಕು ಎಂದ. ರಿಪೋರ್ಟ್ ಬಂದ ಮೇಲೆ ಹೇಳುವ ಮಾತಲ್ಲ ಇದು ಎಂದೆ.

ಮುನಾವರನೂ ರಿಪೋರ್ಟಿನವರೆಗೆ ಇದ್ದ. ದಿನಾ ಮೋಸಂಬಿ ತರುತ್ತಿದ್ದ, ತಲೆ ಸವರುತ್ತಿದ್ದ. ರಿಪೋರ್ಟ್ ಬಂದ ದಿನ ಕಾಗದವನ್ನು ಎರಡು ಸಲ ಓದಿ, ಗಾಡಿ ಪಾರ್ಕಿಂಗಿನಲ್ಲಿದೆ ನೋಡಿಕೊಂಡು ಬರುತ್ತೇನೆ ಎಂದು ಹೋದ. ಮತ್ತೆ ಬಂದದ್ದು ತಲಾಕಿನ ಮಾತಿಗೆ. ಅವನ ಮೇಲೆ ಈಗ ಸಿಟ್ಟಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಇದೆ. ಬಾಣಲೆಯಲ್ಲಿ ಹುರಿಯುವಷ್ಟಿದೆ.

ನವೆಂಬರ್ 30, ಶನಿವಾರ

ಸೂಜಿ ಹಾಕಿದರು. ಸ್ಕ್ಯಾನ್ ಹಚ್ಚಿ, ಪರದೆ ನೋಡುತ್ತ, ಸೀದಾ ಗಂಟಿಗೆ. ಚೀಲಕ್ಕೆ ತಾಗೀತೆಂದು ನನಗೆ ಜೀವ ಬಾಯಿಗೆ ಬಂದಿತ್ತು. ರಿಪೋರ್ಟ್ ವಾರ ಬಿಟ್ಟು. ಯಾವ ರಿಪೋರ್ಟ್ ಬಂದರೂ ಬಾಡಿಗೆಯವಳನ್ನು ಬಿಡಿಸಲೇಬೇಕಂತೆ. ಹೊಸದು ಹಾಕುವುದು ಬಿಡುವುದು ನಿಮ್ಮ ಇಚ್ಛೆ ಎಂದರು ಡಾಕ್ಟರ್. ಬೇಡ ಎಂದೆ. ಕೂಡಲೇ ಬಾಯಿಗೆ ಬಂತು. ಸಾಕು ಈ ಬಾಡಿಗೆ ವ್ಯವಹಾರ. ಕುರ್ತಾದ ಒಂದು ಕಡೆ ಸ್ಪಂಜು ಇಡುವುದು ನನಗೆ ಯಾರೂ ಕಲಿಸಬೇಕಿಲ್ಲ. ಇಡದೆಯೂ ಇರಬಹುದು.

ನರಗುಂದದಲ್ಲಿ ಇಳಿದೆ. ಭಾಯಿ ಬಸ್‌ಸ್ಟ್ಯಾಂಡಿನಲ್ಲೇ ಉಳಿದ, ಬರುವುದಿಲ್ಲ ಎಂದ.

ಇನಾಯತ ನೆಲದ ಮೇಲೆ ಕೂತು ಒಂದು ಮೋಟರಿಗೆ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದರು. ಕೆಲಸದವನನ್ನು ಯಾವುದೋ ನೆಪ ಹೇಳಿ ಹೊರಗೆ ಕಳಿಸಿದರು. ಸ್ಟೂಲ್ ಒರೆಸಿ ಕೊಟ್ಟರು. ಕೂಡಲಿಲ್ಲ. ಕೂತರೆ ಹೇಳಲಾಗುತ್ತಿರಲಿಲ್ಲ.

"ನನಗ ಸ್ಟೋನ್ ಇಲ್ರಿ. ನಾ ಬಸರೂ ಅಲ್ಲ. ಏಳ ವರ್ಷದ ಹಿಂದ ಕ್ಯಾನ್ಸರ್ ಆಗಿ ಎಡಗಡೀದು ತಗದಾರ. ಈಗ ಇರೂದು ಸಿಲಿಕಾನ್ ಚೀಲ. ಅದು ಒಡದೈತಿ. ಬಗಲಾಗ ಗಂಟ ಆಗೈತಿ, ಕ್ಯಾನ್ಸರ್ ಹೌದೋ ಅಲ್ಲೋ ಇನ್ನೂ ಗೊತ್ತಿಲ್ಲ. ಚೀಲಾ ತಗಸ್ತೇನಿ. ಮತ್ತ ಹಾಕಸಾಂಗಿಲ್ಲ. ನಿಮಗ ಹೇಳದ ನಿಕಾಹ್ ಮಾಡ್ಕೊಳ್ಳೂದು ನನ್ನ ಕಡೆ ಆಗಾಂಗಿಲ್ಲ."

ಬಸ್ಸಿನಲ್ಲಿ ಇಡೀ ದಾರಿ ಕಲಿತದ್ದು. ತಪ್ಪದೆ ಹೇಳಿದೆ.

ಅವರು ಕೈಯಲ್ಲಿನ ತಂತಿ ಬಿಟ್ಟರು, ಅದು ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು. ನಾನು ಕಾದೆ. ಒಂದು ಮಾತು, ಯಾವುದೇ ಮಾತು. ಬಹಳ ಹೊತ್ತಿನ ಮೇಲೆ, ನಿಮ್ಮ ಬಸ್ ಬಿಡತೈತೇನೋ ನೋಡ್ರಿ, ಎಂದರು.

ನೋಡಿದೆ. ಬಸ್ ಹಿಡಿದೆ. ಭಾಯಿ ಪಕ್ಕದಲ್ಲಿ ಕೂತ. ರೋಣ ಬರುವವರೆಗೂ ಕಿಟಕಿಯ ಕಡೆಗೇ ಮುಖ.

ಡಿಸೆಂಬರ್ 2

ಆರು ಜಂಪರ್ ಮುಗಿಸಿದೆ. ಹುಕ್ಕು ಸಮೇತ. ಸಿಟ್ಟು ಬಂದರೆ ಕೈ ಲಗೂ ನಡೆಯುತ್ತದೆ.

ಡಿಸೆಂಬರ್ 4

ಫೋನ್ ಇಲ್ಲ. ನಿಕಾಹ್ ಬೇಡ ಎನ್ನುವ ಮಾತೂ ಇಲ್ಲ, ಬೇಕು ಎನ್ನುವ ಮಾತೂ ಇಲ್ಲ. ಬಿಸ್ಮಿಲ್ಲಾ ಆಪಾ ಕಡೆಯಿಂದಲೂ ಸುದ್ದಿ ಇಲ್ಲ. ಎಂದರೆ ಇನಾಯತ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಅಷ್ಟು ಮಾತ್ರ ಒಳ್ಳೆಯತನ. ಅಷ್ಟೊಂದು ಒಳ್ಳೆಯವರು ಒಂದು ಮಾತು ಆಡಬಾರದಿತ್ತೇ? ಬೈದಿದ್ದರೂ ನಡೆಯುತ್ತಿತ್ತು. ಬಸ್ ಅಂತೆ ಬಸ್.

ಅವರ ನಂಬರ್ ತೆಗೆದುಹಾಕಿದೆ. ಬಾಯಿಪಾಠ ಇದೆ, ಏನು ಪ್ರಯೋಜನ.

ಡಿಸೆಂಬರ್ 6, ಶುಕ್ರವಾರ

ರಮಾಬಾಯಿಯವರು ನನ್ನ ಮುಖ ನೋಡಿ, ಮದುವೆ ಹೆಣ್ಣು ಹೀಗೆ ಸೊರಗಬಾರದು ಎಂದರು. ಅವರ ಮಗಳ ಜಂಪರಿನ ಕುತ್ತಿಗೆ ಅವರು ಹೇಳಿದಷ್ಟೇ ಇಳಿಸಿ ಕೊಟ್ಟೆ. ನೋಡಿ ಅವರೇ ಗಾಬರಿಯಾದರು.

ಎದೆ ನೋವು ಹೆಚ್ಚು. ಮಗ್ಗುಲಾಗಲು ಬರುವುದಿಲ್ಲ. ಪದೇ ಪದೇ ಗಂಟು ಮುಟ್ಟಿ ನೋಡುತ್ತೇನೆ. ಬೆಳೆದಿದೆ ಅನ್ನಿಸುತ್ತದೆ. ಮತ್ತೆ ಮುಟ್ಟಿದರೆ ಅಷ್ಟೇ ಇದೆ ಅನ್ನಿಸುತ್ತದೆ. ಅಮ್ಮಿ ನನ್ನ ಕೈ ಹಿಡಿದು ಕೆಳಗಿಟ್ಟಳು. ಸಣ್ಣವಳಿದ್ದಾಗ ಬಾಯಿಂದ ಬೆರಳು ತೆಗೆಯುತ್ತಿದ್ದಳಲ್ಲ, ಹಾಗೆ.

ಸಾಯಲು ಹೆದರಿಕೆ ಇದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇದೆ. ಅದಕ್ಕಿಂತ ಜಾಸ್ತಿ, ಮತ್ತೆ ಆ ಮಂಚದ ಮೇಲೆ ಒಬ್ಬಳೇ ಮಲಗಿ ಬಾಗಿಲು ನೋಡುವ ಹೆದರಿಕೆ.

ಡಿಸೆಂಬರ್ 9, ಸೋಮವಾರ

ಕ್ಯಾನ್ಸರ್ ಅಲ್ಲ.

ಅಲ್ಲ. ಮತ್ತೊಮ್ಮೆ ಬರೆಯುತ್ತೇನೆ, ಅಲ್ಲ. ಸಿಲಿಕಾನ್ ಹೋಗಿ ಗಂಟಿನಲ್ಲಿ ಕೂತದ್ದು ಅಷ್ಟೇ. ಭಾಯಿ ಹುಬ್ಬಳ್ಳಿಗೆ ಹೋಗಿ ರಿಪೋರ್ಟ್ ತಂದ. ಅದಕ್ಕೂ ಮೊದಲು ಫೋನಿನಲ್ಲೇ ಅತ್ತುಬಿಟ್ಟ, ನನಗೆ ಅರ್ಧ ಜೀವ ಹೋಯಿತು. ಅನಘಾ ಮೇಡಂಗೆ ಫೋನ್ ಮಾಡಿ ಹೇಳಿದೆ. ಅರಳಿ ಹಾರಿದಂಗ ಅಂತ ನೀವ ಮೊದಲ ಹೇಳಿದ್ರಲ್ಲ, ಎಂದು ನಕ್ಕರು. ಚೀಲ ತೆಗೆಸುವುದಷ್ಟೇ ಬಾಕಿ. ದವಾಖಾನೆಯಲ್ಲಿ ಎರಡು ಮೂರು ರಾತ್ರಿ ಇರಬೇಕಾದೀತು.

ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಸಂಜೆ ಭಾಯಿ ಫೋನ್ ಕೈಗೆತ್ತಿಕೊಂಡ. ಇನಾಯತರಿಗೆ ಹೇಳುತ್ತೇನೆ, ಏನೂ ಇಲ್ಲ ಅಂತ ಗೊತ್ತಾದರೆ ಓಡಿ ಬರುತ್ತಾನೆ ಎಂದ. ಕಸಿದುಕೊಂಡೆ.

"ಏನೂ ಇಲ್ಲ ಅಂತ ಬರಾವ ನನಗ ಬ್ಯಾಡ, ಭಾಯಿ. ನಾಳೆ ಮತ್ತೇನರ ಆತಂದ್ರ ಅಂವಾ ಬಿಟ್ಟ ಹೊಕ್ಕಾನ."

ಹುಚ್ಚಿ, ಮೂವತ್ತಾರು ವಯಸ್ಸಾಗಿದೆ, ಇನ್ನೇನು ಆರಿಸುತ್ತ ಕೂಡುತ್ತೀಯಾ ಎಂದ. ಅಮ್ಮಿಯ ತಲೆ ಮುಟ್ಟಿಸಿ, ಹೇಳುವುದಿಲ್ಲ ಎಂದು ಆಣೆ ಮಾಡಿಸಿದೆ. ಮಾಡಿದ. ಆದರೆ ಅವನ ಕಣ್ಣು ಗೋಡೆಯ ಮೇಲಿತ್ತು.

ಡಿಸೆಂಬರ್ 10

ಖುಷಿ ಒಂದೇ ದಿನದ್ದು. ಭಾಯಿ ಹೇಳಿಯೇ ಹೇಳುತ್ತಾನೆ. ಬಾಂಡೆ ಅಂಗಡಿಯ ಮುಂದೆ ಎರಡು ಸಲ ಹಾದೆ. ಎರಡೂ ಸಲ ಫೋನಿನಲ್ಲಿದ್ದ. ನನ್ನನ್ನು ನೋಡಿ ದನಿ ಸಣ್ಣ ಮಾಡಿದ. ಕೊಪ್ಪಳದ ಪಾರ್ಟಿ ಎಂದ. ಕೊಪ್ಪಳದ ಪಾರ್ಟಿಗೆ ಯಾಕೆ ದನಿ ಸಣ್ಣ ಮಾಡಬೇಕು?

ಇನಾಯತ ಈಗ ಬಂದರೂ ನನಗೆ ನಂಬಿಕೆ ಬರುವುದಿಲ್ಲ. ಬರದಿದ್ದರೂ ಸಹಿಸಲಾಗುವುದಿಲ್ಲ. ಭಾಯಿ ನನಗೆ ಎರಡೂ ಕೆಡಿಸಿಬಿಟ್ಟ.

ಡಿಸೆಂಬರ್ 12, ಗುರುವಾರ, ಬೆಳಿಗ್ಗೆ ಹನ್ನೊಂದು

ಬಂದಿದ್ದಾರೆ. ಹೊರಗೆ ಕಟ್ಟೆಯ ಮೇಲೆ ಕೂತು ಅಮ್ಮಿ ಕೊಟ್ಟ ಚಹಾ ಕುಡಿಯುತ್ತಿದ್ದಾರೆ. ಹೊಸ ದಾರದುಂಡೆ ತರುವ ನೆಪ ಹೇಳಿ ಒಳಗೆ ಬಂದಿದ್ದೇನೆ. ಇದನ್ನು ಬರೆಯಲೇಬೇಕು.

ಹೆಂಗಸರ ಅಂಗಡಿ ಎಂದು ಹೊಸ್ತಿಲ ಹೊರಗೇ ನಿಂತಿದ್ದರು. ನಾನು ಮೆಷಿನ್ ನಿಲ್ಲಿಸಲಿಲ್ಲ. ಬರ್ರಿ ಎನ್ನಲೂ ಇಲ್ಲ. ಭಾಯಿ ಹೇಳಿದ್ದಾನೆ, ಅದಕ್ಕೇ ಬಂದರು ಎಂದುಕೊಂಡೆ. ಮೈಯೆಲ್ಲ ಉರಿಯಿತು. ಬಸ್ ಸಿಕ್ಕಿತೇನ್ರಿ ಎಂದು ಕೇಳಿಯೇಬಿಟ್ಟೆ.

ತಲೆ ತಗ್ಗಿಸಿದರು.

"ನಿಮ್ಮ ಮಾತ ಕೇಳಿ ಬಾಯಿ ಬರಲಿಲ್ರಿ ನನಗ. ತೀರಿಹ್ವಾದ ನಮ್ಮಾಕಿನ್ನ ದವಾಖಾನ್ಯಾಗ ಇಟಗೊಂಡ ಕುಂತಿದ್ನಲ್ಲ, ಅದ ಎಲ್ಲಾ ಕಣ್ಣಮುಂದ ಬಂತು. ನಾಕೈದ ದಿನಾ ಅಂಗಡೀನ ತಗೀಲಿಲ್ಲ. ಫೋನ್ ಹಚ್ಚಿ ಏನ ಅನ್ಬೇಕು ತಿಳೀಲಿಲ್ಲ."

ಆಮೇಲೆ ಯಾವಗಲ್ ಎಂಬ ಊರಿಗೆ ಹೋಗಿದ್ದರಂತೆ. ಅಲ್ಲಿ ಅರ್ಜುನಪ್ಪ ಎಂದು ಅವರ ಗಿರಾಕಿ. ಅವನ ಹೆಂಡತಿಗೂ ಇದೇ ಆಗಿತ್ತು. ಇಡೀ ದಿನ ಅವರ ಮನೆಯಲ್ಲಿ ಕೂತು ಎಲ್ಲ ಕೇಳಿಕೊಂಡು ಬಂದಿದ್ದಾರೆ. ಕಿಮೋ ಹೇಗೆ ಕೊಡುತ್ತಾರೆ, ಏನು ತಿಂದರೆ ವಾಂತಿ ಆಗುವುದಿಲ್ಲ, ಹುಬ್ಬಳ್ಳಿಯಲ್ಲಿ ದವಾಖಾನೆಯ ಹತ್ತಿರ ಬಾಡಿಗೆ ಕೋಣೆ ಎಲ್ಲಿ ಸಿಗುತ್ತದೆ. ಕೈಚೀಲದಿಂದ ಒಂದು ಬಟ್ಟೆ ತೆಗೆದರು. ಹಸಿರು ಬಣ್ಣದ್ದು. ಕೂದಲು ಹೋದ ಮೇಲೆ ತಲೆಗೆ ಕಟ್ಟಿಕೊಳ್ಳಲು. ಮೆತ್ತಗಿರಬೇಕು ಎಂದು ಅರ್ಜುನಪ್ಪನ ಹೆಂಡತಿ ಹೇಳಿದ್ದರಂತೆ.

ಮುಟ್ಟಿ ನೋಡಿದೆ. ಮೆತ್ತಗೆಲ್ಲಿ ಬಂತು, ಗಂಜಿ ಹಾಕಿದ ಪಾಪ್ಲಿನ್. ಮೈ ಕೆರೆದು ಹೋಗುವಂಥದ್ದು. ಅಂಗಡಿಯವನು ಪೂರ್ತಿ ಟೋಪಿ ಹಾಕಿದ್ದಾನೆ. ಹೇಳಬೇಕೆಂದು ಬಾಯಿ ತೆರೆದವಳಿಗೆ ಆಗ ಹೊಳೆಯಿತು.

ಇವರಿಗೆ ರಿಪೋರ್ಟ್ ಗೊತ್ತಿಲ್ಲ. ಭಾಯಿ ಹೇಳಿಲ್ಲ. ನನ್ನ ಅಣ್ಣ ಆಣೆ ಉಳಿಸಿಕೊಂಡಿದ್ದಾನೆ. ಕೊಪ್ಪಳದ ಪಾರ್ಟಿ ಖರೇನೇ ಇತ್ತು.

ನಾನು ಬಟ್ಟೆ ಹಿಡಿದೇ ಉಳಿದದ್ದು ಕಂಡು, ಒಲ್ಲೆ ಎನ್ನುತ್ತೇನೆ ಎಂದುಕೊಂಡರು. ಗಾಬರಿಯಾದರು. ಒಂದೇ ಉಸಿರಿಗೆ ಹೇಳಿದರು.

"ನಿಕಾಹ್ ಜನವರಿ ತನಕ ಯಾಕ್ರಿ, ಇದ ವಾರ ಮಾಡ್ಕೊಳ್ಳೂಣು. ಮಾಡ್ಕೊಂಡ್ರ ದವಾಖಾನ್ಯಾಗ ರಾತ್ರಿ ನಿಮ್ಮ ಕೂಡ ಇರಾಕ ನನಗ ಬಿಡತಾರ. ಈಗ ಹ್ವಾದ್ರ ನೀ ಯಾರು ಅಂತ ಕೇಳ್ತಾರ. ಏನ ಹೇಳ್ಲಿ?"

ಎದೆಯ ಬಗ್ಗೆ ಕೇಳಲಿಲ್ಲ. ಹೊಸದು ಹಾಕಿಸಿಕೊಳ್ಳಿ ಎನ್ನಲಿಲ್ಲ. ರಿಪೋರ್ಟ್ ಬಂತೇ ಎಂದು ಸಹ ಕೇಳಲಿಲ್ಲ, ಬಂದರೂ ಬರದಿದ್ದರೂ ಅವರ ಲೆಕ್ಕ ಒಂದೇ. ಅಳು ಬಂತು. ಅಮ್ಮಿ ಚಹಾ ತಂದು ನಡುವೆ ನಿಂತಳು, ಅದಕ್ಕೇ ಎದ್ದು ಬಂದೆ.

ಅವರಿಗೆ ಕೂಡಲೇ ಹೇಳಬೇಕು. ಪಾಪ, ಇನ್ನೂ ನನಗೆ ಕ್ಯಾನ್ಸರ್ ಎಂದೇ ತಿಳಿದು ಕೂತಿದ್ದಾರೆ. ಒಂದು ನಿಮಿಷವೂ ಹಾಗೆ ಕೂಡಿಸುವುದು ತಪ್ಪು. ಆದರೂ ಈ ಒಂದು ನಿಮಿಷ ನನಗೆ ಬೇಕಿತ್ತು. ಇಂಥದ್ದು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಅಮ್ಮಿ ಕರೆಯುತ್ತಿದ್ದಾಳೆ. ಬಂದೆ. ಮೊದಲು ರಿಪೋರ್ಟ್ ಕೈಗೆ ಕೊಡಲೋ, ಅಲ್ಲ ಇದೇ ವಾರ ಆಗಲಿ ಎಂದು ಹೇಳಿ, ಆಮೇಲೆ ರಿಪೋರ್ಟ್—